ಇಂಜಿನಿಯರಿಂಗ್ ಉದ್ಯೋಗ ಮತ್ತು ಖಗೋಳ ವಿಜ್ಞಾನ: ಒಂದನ್ನು ಬಿಟ್ಟೇ ಇನ್ನೊಂದನ್ನು ಹಿಡಿಯಬೇಕೇ?

ಕೃತ್ತಿಕಾಪ್ರಿಯ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ನನಗೆ 27 ವರ್ಷ. ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ಬಿ.ಇ. ಮುಗಿಸಿ, ಕಳೆದ ಐದು ವರ್ಷಗಳಿಂದ ವಾಹನಗಳ ನಿಯಂತ್ರಣ ಘಟಕಗಳಿಗೆ ಫರ್ಮ್‌ವೇರ್ ಬರೆಯುವ ಕೆಲಸದಲ್ಲಿದ್ದೇನೆ. 2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣವನ್ನು ನೋಡಲೆಂದು ರಜೆ ಹಾಕಿ ಕೊಡಗಿಗೆ ಹೋಗಿದ್ದೆ. ಕಾಫಿ ತೋಟದ ಸಿಲ್ವರ್ ಓಕ್ ಮರಗಳ ಕೆಳಗೆ ಎಲೆಗಳ ಸಂದಿನಿಂದ ಬಿದ್ದ ಬಿಸಿಲಿನ ಚುಕ್ಕೆಗಳೆಲ್ಲ ಮೊದಲು ಕುಡುಗೋಲಿನ ಆಕಾರ ತಾಳಿ, ಆಮೇಲೆ ಒಂದೆರಡು ನಿಮಿಷ ಬಳೆಗಳಾಗಿ ನೆಲದ ತುಂಬ ಹರಡಿಕೊಂಡವು. ನಾನು ಆಕಾಶವನ್ನು ನೋಡಿದ್ದಕ್ಕಿಂತ ನೆಲವನ್ನು ನೋಡಿದ್ದೇ ಹೆಚ್ಚು. ಅಂದಿನಿಂದ ಖಗೋಳ ವಿಜ್ಞಾನದ ಪುಸ್ತಕಗಳನ್ನು ಓದುತ್ತಿದ್ದೇನೆ, ವಾರಾಂತ್ಯಗಳಲ್ಲಿ ಸಿಕ್ಕ ಉಪನ್ಯಾಸಗಳಿಗೆಲ್ಲ ಹೋಗುತ್ತಿದ್ದೇನೆ.

ಕೆಲಸವನ್ನು ಬಿಟ್ಟು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಸೇರಿ, ಅಲ್ಲಿಂದ ಪಿಎಚ್.ಡಿ.ಗೆ ಹೋಗಬೇಕೆಂಬ ಆಸೆ ಈಗ ಬಲವಾಗಿದೆ. ಮನೆಯಲ್ಲಿ ತಂದೆಯವರು ತೆಂಗಿನ ತೋಟವನ್ನು ನೋಡಿಕೊಂಡಿದ್ದಾರೆ. ಅಕ್ಕನ ಮದುವೆಗೆ ಮಾಡಿದ ಸಾಲದಲ್ಲಿ ಒಂದಿಷ್ಟು ನನ್ನ ಸಂಬಳದಿಂದ ತೀರುತ್ತಿದೆ. ಆದ್ದರಿಂದ ಇದು ಕೇವಲ ಆಸಕ್ತಿಯ ಪ್ರಶ್ನೆಯಾಗಿ ಉಳಿದಿಲ್ಲ. ಇಂಜಿನಿಯರ್ ಆಗಿಯೇ ಉಳಿದು ಖಗೋಳ ವಿಜ್ಞಾನದಲ್ಲಿ ಅರ್ಥಪೂರ್ಣವಾದ ಕೆಲಸ ಮಾಡಲು ಸಾಧ್ಯವೇ, ಅಥವಾ ಅದು ನನಗೆ ನಾನೇ ಹೇಳಿಕೊಳ್ಳುವ ಸಮಾಧಾನವೇ? ಅನುಭವಿಗಳು ಮುಚ್ಚುಮರೆಯಿಲ್ಲದೆ ತಿಳಿಸಬೇಕೆಂದು ಕೋರುತ್ತೇನೆ.

ಹಳೆಯ ಆಂಟೆನಾ (ಬೆಂಗಳೂರು)

ನಾನು ಎಲೆಕ್ಟ್ರಾನಿಕ್ಸ್ ಇಂಜಿನಿಯರ್. ಇಪ್ಪತ್ತು ವರ್ಷಗಳಿಗಿಂತ ಹೆಚ್ಚು ಕಾಲದಿಂದ ರೇಡಿಯೋ ದೂರದರ್ಶಕಗಳ ರಿಸೀವರ್‌ಗಳ ಮೇಲೆಯೇ ಕೆಲಸ ಮಾಡುತ್ತಿದ್ದೇನೆ. ಭೌತಶಾಸ್ತ್ರದಲ್ಲಿ ನನಗೆ ಯಾವ ಪದವಿಯೂ ಇಲ್ಲ.

ಕೃತ್ತಿಕಾಪ್ರಿಯ ಅವರೇ, ನಿಮ್ಮ ಪ್ರಶ್ನೆಯ ಹಿಂದೆ ಒಂದು ಊಹೆ ಅಡಗಿದೆ. ಖಗೋಳ ವಿಜ್ಞಾನದ ಮನೆಯಲ್ಲಿ ಇಂಜಿನಿಯರ್ ಅತಿಥಿ ಎಂದು ನೀವು ಎಣಿಸಿದ್ದೀರಿ. ರೇಡಿಯೋ ಖಗೋಳ ವಿಜ್ಞಾನದ ಮಟ್ಟಿಗಂತೂ ಆ ಮನೆಗೆ ಪಾಯ ತೋಡಿದವರೇ ಇಂಜಿನಿಯರುಗಳು. ಬೆಲ್ ಪ್ರಯೋಗಾಲಯದ ಕಾರ್ಲ್ ಜಾನ್‌ಸ್ಕಿ ಅವರಿಗೆ 1930ರ ದಶಕದ ಆರಂಭದಲ್ಲಿ ವಹಿಸಿದ್ದ ಕೆಲಸ, ಸಾಗರದಾಚೆಯ ರೇಡಿಯೋ ದೂರವಾಣಿಗೆ ಅಡ್ಡಿಮಾಡುವ ಗದ್ದಲ ಎಲ್ಲಿಂದ ಬರುತ್ತದೆಂದು ಹುಡುಕುವುದು. ಗುಡುಗು ಮಿಂಚುಗಳ ಲೆಕ್ಕವನ್ನು ತೆಗೆದ ಮೇಲೂ ಉಳಿದ ಒಂದು ಸಣ್ಣ ಸಿಳ್ಳು 24 ಗಂಟೆಗೊಮ್ಮೆ ಏರದೆ 23 ಗಂಟೆ 56 ನಿಮಿಷಕ್ಕೊಮ್ಮೆ ಏರುತ್ತಿತ್ತು. ಅದು ನಕ್ಷತ್ರಗಳ ದಿನ; ಹಾಗಾಗಿ ಗದ್ದಲದ ಮೂಲ ಸೂರ್ಯನಲ್ಲ, ಆಕಾಶಗಂಗೆ. ಆ ನಾಲ್ಕು ನಿಮಿಷಗಳನ್ನು ಅಳತೆಯ ದೋಷವೆಂದು ತಳ್ಳಿಹಾಕದೆ ಇದ್ದದ್ದೇ ಅವರ ದೊಡ್ಡತನ. ಅವರ ಬಳಿಕ ಬಂದ ಗ್ರೋಟ್ ರೀಬರ್ ರೇಡಿಯೋ ಕಂಪನಿಯೊಂದರ ನೌಕರರು. 1937ರಲ್ಲಿ ಇಲಿನಾಯ್ಸ್‌ನ ವೀಟನ್ ಊರಿನ ತಮ್ಮ ಮನೆಯ ಪಕ್ಕದಲ್ಲಿ, ಸ್ವಂತ ಹಣದಿಂದ, ಸುಮಾರು ಒಂಬತ್ತೂವರೆ ಮೀಟರ್ ವ್ಯಾಸದ ಡಿಶ್ ಕಟ್ಟಿದರು. 3300 ಮೆಗಾಹರ್ಟ್ಸ್‌ನಲ್ಲಿ ಏನೂ ಸಿಗಲಿಲ್ಲ, 900ರಲ್ಲಿಯೂ ಸಿಗಲಿಲ್ಲ. ಮೂರನೆಯ ರಿಸೀವರನ್ನು 160ಕ್ಕೆ ಮಾಡಿದಾಗ ಆಕಾಶಗಂಗೆ ಸಿಕ್ಕಿತು. ಎರಡು ಸಲ ಸೋತ ಮೇಲೆ ಮೂರನೆಯದನ್ನು ಕಟ್ಟಲು ಕುಳಿತವರು ಹಗಲಿನಲ್ಲಿ ನಿಮ್ಮಂತೆಯೇ ಉದ್ಯೋಗದಲ್ಲಿದ್ದವರು.

ನಮ್ಮದೇ ನಾಡಿನ ಉದಾಹರಣೆಯನ್ನೂ ಹೇಳುತ್ತೇನೆ. ವಿಶ್ವದ ಮೊದಲ ನಕ್ಷತ್ರಗಳು ಹುಟ್ಟಿದ ಕಾಲದ ಕುರುಹು 78 ಮೆಗಾಹರ್ಟ್ಸ್‌ನ ಸುತ್ತ ಕಂಡಿದೆಯೆಂದು 2018ರಲ್ಲಿ ಎಡ್ಜಸ್ ಎಂಬ ಪ್ರಯೋಗದವರು ಪ್ರಕಟಿಸಿದರು. ಆಕಾಶಗಂಗೆಯ ಗದ್ದಲ ಆ ಕುರುಹಿಗಿಂತ ಸಾವಿರಾರು ಪಟ್ಟು ಪ್ರಬಲವಾದುದರಿಂದ ಉಪಕರಣದ ಎಳ್ಳಷ್ಟು ದೋಷವೂ ಕುರುಹಿನ ವೇಷ ಹಾಕಬಹುದು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಸರಸ್ ತಂಡದವರು (ನಾನು ಆ ತಂಡದವನಲ್ಲ) ಇದನ್ನು ಪರೀಕ್ಷಿಸಲು ಮಾಡಿದ ಉಪಾಯವೇ ಸೊಗಸು. ಆಂಟೆನಾವನ್ನು ನೆಲದ ಮೇಲಿಟ್ಟರೆ ಅದರಡಿಯ ಮಣ್ಣು, ಕಲ್ಲು, ತೇವ ಎಲ್ಲವೂ ಜಾಗದಿಂದ ಜಾಗಕ್ಕೆ ಬದಲಾಗಿ ಅಳತೆಯನ್ನು ಕೆಡಿಸುತ್ತವೆ. ನೀರಾದರೆ ಎಲ್ಲ ಕಡೆಯೂ ಒಂದೇ ಸಮ. ಹಾಗಾಗಿ ಆಂಟೆನಾವನ್ನು ತೆಪ್ಪದ ಮೇಲೆ ತೇಲಿಬಿಟ್ಟು, 2020ರ ಮೊದಲ ತಿಂಗಳುಗಳಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲಿಯೂ ಶರಾವತಿಯ ಹಿನ್ನೀರಿನಲ್ಲಿಯೂ ಅಳತೆ ಮಾಡಿದರು. ಎಡ್ಜಸ್ ಹೇಳಿದ ಕುರುಹು ಅಲ್ಲಿ ಕಾಣಲಿಲ್ಲ. 2022ರಲ್ಲಿ ನೇಚರ್ ಆಸ್ಟ್ರಾನಮಿ ಪತ್ರಿಕೆಯಲ್ಲಿ ಆ ಫಲಿತಾಂಶ ಪ್ರಕಟವಾಯಿತು. ಅಲ್ಲಿ ಭೌತಶಾಸ್ತ್ರ ಎಲ್ಲಿಗೆ ಮುಗಿದು ಇಂಜಿನಿಯರಿಂಗ್ ಎಲ್ಲಿಂದ ಆರಂಭವಾಯಿತೆಂದು ಯಾರಾದರೂ ಗೆರೆ ಎಳೆದು ತೋರಿಸಲಿ, ನೋಡೋಣ.

ಆದ್ದರಿಂದ ಮೊದಲು ನಿಮ್ಮನ್ನು ನೀವು ಕೇಳಿಕೊಳ್ಳಬೇಕಾದದ್ದು ಬೇರೆ. ಆಕಾಶದ ವಸ್ತುಗಳು ಏಕೆ ಹಾಗಿವೆ ಎಂಬುದಕ್ಕೆ ಸಮೀಕರಣ ಬರೆಯುವ ಆಸೆಯೇ, ಅಥವಾ ಅವುಗಳನ್ನು ಅಳೆಯುವ ಆಸೆಯೇ? ಮೊದಲನೆಯದಾದರೆ ಎಂ.ಎಸ್ಸಿ. ದಾರಿ ಅನಿವಾರ್ಯ. ಎರಡನೆಯದಾದರೆ ನಿಮ್ಮ ಕೈಯಲ್ಲಿರುವ ಪದವಿಯೇ ಪರವಾನಗಿ.

ನಡುದಾರಿ (ಪುಣೆ)

ನಾನು ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ನಾಲ್ಕು ವರ್ಷ ದುಡಿದು, ಅದನ್ನು ಬಿಟ್ಟು, ಈಗ ಖಗೋಳ ಭೌತಶಾಸ್ತ್ರದಲ್ಲಿ ಪಿಎಚ್.ಡಿ.ಯ ಮೂರನೆಯ ವರ್ಷದಲ್ಲಿದ್ದೇನೆ. ಹಳೆಯ ಆಂಟೆನಾ ಸರ್ ಅವರ ಮಾತು ನಿಜ. ಆದರೆ ಅವರು ಈ ದಾರಿಗೆ ಬಂದ ಕಾಲಕ್ಕೂ ಈಗಿನ ಪೈಪೋಟಿಗೂ ವ್ಯತ್ಯಾಸವಿದೆ. ಹಾಗಾಗಿ ಸ್ವಲ್ಪ ತಣ್ಣೀರು ಎರಚುತ್ತೇನೆ, ಬೇಸರಿಸಬೇಡಿ.

ಬಿ.ಇ. ಮುಗಿಸಿದವರು ಎಂ.ಎಸ್ಸಿ. ಮಾಡದೆಯೇ ಪಿಎಚ್.ಡಿ.ಗೆ ಅರ್ಜಿ ಹಾಕಲು ಹಲವು ಸಂಸ್ಥೆಗಳು ಅವಕಾಶ ಕೊಡುತ್ತವೆ. ಜೆಸ್ಟ್ ಪರೀಕ್ಷೆ, ಗೇಟ್‌ನ ಭೌತಶಾಸ್ತ್ರ ಪತ್ರಿಕೆ, ಪುಣೆಯ ಸಂಸ್ಥೆಗಳ ಪ್ರವೇಶ ಪರೀಕ್ಷೆ, ಇವೆಲ್ಲ ದಾರಿಗಳೇ. ಅರ್ಹತೆಯ ನಿಯಮಗಳನ್ನು ಮಾತ್ರ ಪ್ರತಿ ವರ್ಷದ ಅಧಿಸೂಚನೆಯಲ್ಲಿಯೇ ಓದಬೇಕು, ಯಾರೋ ಹೇಳಿದ್ದನ್ನು ನಂಬಬಾರದು. ಬಾಗಿಲು ತೆರೆದಿದ್ದರೂ ಪರೀಕ್ಷೆಯಲ್ಲಿ ಕೇಳುವುದು ಕ್ವಾಂಟಂ ಯಂತ್ರಶಾಸ್ತ್ರ, ಸಾಂಖ್ಯಿಕ ಭೌತಶಾಸ್ತ್ರ, ವಿದ್ಯುತ್‌ಕಾಂತೀಯ ಸಿದ್ಧಾಂತ. ಕೊನೆಯದೊಂದು ನಿಮಗೆ ಪರಿಚಿತ. ಮೊದಲೆರಡನ್ನು ನಾನು ಬೆಳಗಿನ ಜಾವ ನಾಲ್ಕೂವರೆಗೆ ಎದ್ದು, ಕಚೇರಿಯ ಬಸ್ಸು ಬರುವವರೆಗೆ, ಹದಿನಾಲ್ಕು ತಿಂಗಳು ಓದಿದೆ. ಮೊದಲ ಪ್ರಯತ್ನದಲ್ಲಿ ಸಂದರ್ಶನದವರೆಗೆ ಹೋಗಿ ಬಿದ್ದೆ. ಸಂದರ್ಶಕರೊಬ್ಬರು ಕೇಳಿದ್ದು ಯಾವ ಕಪ್ಪು ಕುಳಿಯ ವಿಷಯವೂ ಅಲ್ಲ. ತಗ್ಗಿನ ಉಷ್ಣಾಂಶದಲ್ಲಿ ಘನವಸ್ತುವಿನ ವಿಶಿಷ್ಟೋಷ್ಣ ಏಕೆ ಕುಗ್ಗುತ್ತದೆ ಎಂದು. ಬಾಯಿ ಒಣಗಿತು.

ಹಣದ ವಿಷಯ: 2023ರ ಜನವರಿಯಿಂದ ಕಿರಿಯ ಸಂಶೋಧನಾ ಫೆಲೋಗಳಿಗೆ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷಗಳ ಬಳಿಕ ಹಿರಿಯ ಫೆಲೋ ಆದಾಗ 42,000, ಮನೆ ಬಾಡಿಗೆ ಭತ್ಯೆ ಬೇರೆ. ಒಬ್ಬರ ಜೀವನಕ್ಕೆ ಸಾಕು. ಸಾಲದ ಕಂತು ಕಟ್ಟುವವರಿಗೆ ಸಾಲದು. ಪಿಎಚ್.ಡಿ. ಆದ ಮೇಲೆ ವಿದೇಶಗಳಲ್ಲಿ ಎರಡು ಮೂರು ವರ್ಷಗಳ ಅವಧಿಯ ಹುದ್ದೆಗಳನ್ನು ಒಂದಾದ ಮೇಲೊಂದು ಮಾಡಿ, ಮೂವತ್ತೈದು ದಾಟಿದ ಮೇಲೆ ಕಾಯಂ ಹುದ್ದೆಗೆ ಅರ್ಜಿ ಹಾಕುವುದು ಈ ಕ್ಷೇತ್ರದಲ್ಲಿ ಸಾಮಾನ್ಯ. ನನಗೆ ಪಶ್ಚಾತ್ತಾಪವಿಲ್ಲ. ನನ್ನ ಮೇಲೆ ಸಾಲ ಇರಲಿಲ್ಲ ಎಂಬುದನ್ನೂ ಜೊತೆಯಲ್ಲಿಯೇ ಓದಿಕೊಳ್ಳಿ.

ಇನ್ನೊಂದು ವಿಚಿತ್ರವನ್ನು ಹೇಳಬೇಕು. ನಮ್ಮ ಗುಂಪಿನಲ್ಲಿ ನನ್ನನ್ನು ಎಲ್ಲರೂ ಹುಡುಕಿಕೊಂಡು ಬರುವುದು ನಾನು ಬಿಟ್ಟುಬಂದೆನೆಂದುಕೊಂಡ ಕೆಲಸಕ್ಕಾಗಿಯೇ. ಪುಣೆಯ ಬಳಿಯ ರೇಡಿಯೋ ದೂರದರ್ಶಕವಾದ ಜಿಎಂಆರ್‌ಟಿಯ 30 ಡಿಶ್‌ಗಳಿಂದ ಬರುವ ದತ್ತಾಂಶವನ್ನು ಸೋಸುವ ಪ್ರೋಗ್ರಾಂ ನಡುರಾತ್ರಿ ಕೈಕೊಟ್ಟರೆ ಫೋನ್ ಬರುವುದು ನನಗೆ.

ನಿವೃತ್ತ ಮೆಕ್ಯಾನಿಕಲ್ (ಮೈಸೂರು)

ಸಾರ್ವಜನಿಕ ಉದ್ದಿಮೆಯೊಂದರಲ್ಲಿ ಮೂವತ್ತಾರು ವರ್ಷ ದುಡಿದು ನಿವೃತ್ತನಾದ ಮೆಕ್ಯಾನಿಕಲ್ ಇಂಜಿನಿಯರ್ ನಾನು. ಚರ್ಚೆಯೆಲ್ಲ ಎಲೆಕ್ಟ್ರಾನಿಕ್ಸ್‌ನವರ ಕೈಗೆ ಹೋಗುತ್ತಿರುವುದರಿಂದ ನಮ್ಮ ಕಡೆಯ ನಾಲ್ಕು ಮಾತು ಹೇಳುತ್ತೇನೆ.

ಊಟಿಯ ರೇಡಿಯೋ ದೂರದರ್ಶಕವನ್ನು ನೋಡಿದ್ದೀರಾ? 530 ಮೀಟರ್ ಉದ್ದ, 30 ಮೀಟರ್ ಅಗಲ. ಊಟಿಯ ಅಕ್ಷಾಂಶ ಸುಮಾರು 11 ಡಿಗ್ರಿ. ರೇಡಿಯೋ ಖಗೋಳ ವಿಜ್ಞಾನಿ ಗೋವಿಂದ್ ಸ್ವರೂಪ್ ಅವರ ತಂಡ ಉತ್ತರ ದಕ್ಷಿಣವಾಗಿ ಅಷ್ಟೇ ಇಳಿಜಾರಿರುವ ಗುಡ್ಡವನ್ನು ಹುಡುಕಿ ಅದರ ಮೈಮೇಲೆ ದೂರದರ್ಶಕವನ್ನು ಮಲಗಿಸಿತು. ಹಾಗಾಗಿ ಅದರ ಅಕ್ಷ ಭೂಮಿಯ ಅಕ್ಷಕ್ಕೆ ಸಮಾನಾಂತರ. ಒಂದೇ ಅಕ್ಷದಲ್ಲಿ ತಿರುಗಿಸಿದರೆ ಆಕಾಶದ ಮೂಲವನ್ನು ಗಂಟೆಗಟ್ಟಲೆ ಹಿಂಬಾಲಿಸಬಹುದು. ದುಬಾರಿ ಯಂತ್ರ ಮಾಡಬೇಕಾದ ಕೆಲಸವನ್ನು ಗುಡ್ಡದಿಂದ ಮಾಡಿಸಿದರು. ಮೊದಲ ಸಲ ಅದನ್ನು ಕಂಡಾಗ ನಾನು ಉದ್ಯೋಗಕ್ಕೆ ಸೇರಿ ಎರಡು ವರ್ಷವಾಗಿತ್ತು. ಹೊಟ್ಟೆಕಿಚ್ಚಾಯಿತು ಎಂದು ಒಪ್ಪಿಕೊಳ್ಳಲು ಈಗ ಸಂಕೋಚವಿಲ್ಲ.

ಉದ್ಯೋಗ ಬಿಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಹಾಗಾಗಿ ಆರು ಇಂಚಿನ ದರ್ಪಣವನ್ನು ಕೈಯಲ್ಲಿಯೇ ಉಜ್ಜಲು ಕುಳಿತೆ. ಎರಡು ದಪ್ಪ ಗಾಜಿನ ಬಿಲ್ಲೆಗಳ ನಡುವೆ ಕಾರ್ಬೊರಂಡಂ ಪುಡಿ ಮತ್ತು ನೀರು ಹಾಕಿ, ಮೇಲಿನದನ್ನು ಹಿಂದಕ್ಕೂ ಮುಂದಕ್ಕೂ ತಳ್ಳುತ್ತ, ಪೀಪಾಯಿಯ ಸುತ್ತ ಹೆಜ್ಜೆ ಹಾಕುತ್ತ ಹೋದರೆ ಮೇಲಿನ ಬಿಲ್ಲೆ ತಾನಾಗಿ ಗುಳಿಬೀಳುತ್ತದೆ, ಕೆಳಗಿನದು ಉಬ್ಬುತ್ತದೆ. 1200 ಮಿಲಿಮೀಟರ್ ನಾಭಿದೂರಕ್ಕೆ ನಡುವಿನ ಗುಳಿ ಸುಮಾರು 1.2 ಮಿಲಿಮೀಟರ್ ಆಗಬೇಕು, ಅಷ್ಟೇ. 80ನೇ ನಂಬರಿನ ಒರಟು ಪುಡಿಯಿಂದ ಆರಂಭಿಸಿ ಹಂತಹಂತವಾಗಿ ನುಣುಪಿಗೆ ಇಳಿಯಬೇಕು. 400ಕ್ಕೆ ಬಂದಾಗ ನನ್ನಿಂದ ಒಂದು ತಪ್ಪಾಯಿತು. ಹಳೆಯ ಬಕೆಟ್ಟನ್ನೇ ತೊಳೆದು ಬಳಸಿದ್ದೆ; ಅದರ ಅಂಚಿನಲ್ಲಿ ಎಲ್ಲೋ ಅಡಗಿದ್ದ 80ರ ಒಂದೇ ಒಂದು ಕಣ ಬಿಲ್ಲೆಗಳ ನಡುವೆ ಸೇರಿತು. ಕಿರ್ರೆಂಬ ಸದ್ದು ಕೇಳಿಸಿ ಕೈ ನಿಂತಿತು. ತೊಳೆದು ಬೆಳಕಿಗೆ ಹಿಡಿದರೆ ಅಂಚಿನಿಂದ ನಡುವಿನವರೆಗೆ ಒಂದು ಗೀರು. ಮತ್ತೆ 220ಕ್ಕೆ ಹಿಂತಿರುಗಿದೆ. ಮೂರು ವಾರದ ಕೆಲಸ ನೀರಿಗೆ ಹೋಯಿತು. ಮನೆಯವರು ಆ ಬಕೆಟ್ಟನ್ನು ಇಂದಿಗೂ ಎತ್ತಿಟ್ಟಿದ್ದಾರೆ, ನನ್ನನ್ನು ಛೇಡಿಸಲು.

ಕೊನೆಯ ಹಂತದಲ್ಲಿ ಗೋಳದ ಮೇಲ್ಮೈಯನ್ನು ಪರವಲಯವಾಗಿಸಬೇಕು. ಎರಡರ ನಡುವಿನ ವ್ಯತ್ಯಾಸ ಈ ಅಳತೆಯ ದರ್ಪಣದಲ್ಲಿ ಒಂದು ಮೈಕ್ರಾನಿಗಿಂತ ಕಡಿಮೆ. ಅದನ್ನು ಅಳೆಯಲು ಬೇಕಾದದ್ದು ಒಂದು ಸಣ್ಣ ಬೆಳಕಿನ ಕಿಂಡಿ ಮತ್ತು ಕ್ಷೌರದ ಬ್ಲೇಡು. ಫ್ರಾನ್ಸಿನ ಫೂಕೋ 19ನೇ ಶತಮಾನದಲ್ಲಿ ಕಂಡುಕೊಂಡ ವಿಧಾನವಿದು. ಕಾರ್ಖಾನೆಯಲ್ಲಿ ಲಕ್ಷಾಂತರ ರೂಪಾಯಿಯ ಅಳತೆಯಂತ್ರದ ಮುಂದೆ ಹಗಲೆಲ್ಲ ಕುಳಿತಿದ್ದ ನಾನು, ರಾತ್ರಿ ಹಿತ್ತಿಲ ಕೋಣೆಯಲ್ಲಿ ಬ್ಲೇಡಿನಿಂದ ಅದಕ್ಕಿಂತ ಸೂಕ್ಷ್ಮವಾದುದನ್ನು ಅಳೆಯುತ್ತಿದ್ದೆ.

ಶಂಕೆ (ಹುಬ್ಬಳ್ಳಿ)

ಹಿರಿಯರಿಗೆ ಗೌರವಪೂರ್ವಕವಾಗಿ ಒಂದು ಆಕ್ಷೇಪ. ದರ್ಪಣ ಉಜ್ಜುವುದು ಶ್ರೇಷ್ಠ ಕುಶಲಕಲೆ, ಆದರೆ ಅದರಿಂದ ಖಗೋಳ ವಿಜ್ಞಾನಕ್ಕೆ ಸೇರಿದ್ದೇನು? ಹವ್ಯಾಸಿಗಳ ಗುಂಪುಗಳಲ್ಲಿ ನಾನು ಕಂಡದ್ದು ದುಬಾರಿ ಕ್ಯಾಮೆರಾಗಳ ಪ್ರದರ್ಶನ ಮತ್ತು ಒಂದೇ ನೀಹಾರಿಕೆಯ ನೂರಾರು ಬಣ್ಣದ ಚಿತ್ರಗಳು. ಪ್ರಶ್ನೆ ಕೇಳಿದವರು ‘ಅರ್ಥಪೂರ್ಣವಾದ ಕೆಲಸ’ ಎಂದಿದ್ದಾರೆ. ಉದ್ಯೋಗದ ಜೊತೆಗೆ ಅದು ಆಗುತ್ತದೆಂದು ನಂಬಿಸುವುದು ಅವರಿಗೆ ಮಾಡುವ ಉಪಕಾರವಲ್ಲ.

ಮಹಡಿ ಮೇಲಿನಿಂದ (ಬೆಂಗಳೂರು)

ಶಂಕೆ ಅವರೇ, ಚಿತ್ರಗಳ ಬಗೆಗಿನ ನಿಮ್ಮ ಬೇಸರ ನನ್ನದೂ ಹೌದು. ಆದರೆ ತೀರ್ಮಾನವನ್ನು ಒಪ್ಪಲಾರೆ.

ನಾನು ಸಾಫ್ಟ್‌ವೇರ್ ಇಂಜಿನಿಯರ್. ಇಬ್ಬರು ಮಕ್ಕಳ ತಾಯಿ. ಒಂದು ಬೈನಾಕ್ಯುಲರ್ ಬಿಟ್ಟರೆ ನನ್ನ ಬಳಿ ಏನೂ ಇಲ್ಲ. ಮಕ್ಕಳು ಮಲಗಿದ ಮೇಲೆ ಮಹಡಿಗೆ ಹೋಗಿ, ಹೊಳಪು ಬದಲಾಗುವ ನಕ್ಷತ್ರಗಳನ್ನು ಪಕ್ಕದ ಸ್ಥಿರ ಹೊಳಪಿನ ನಕ್ಷತ್ರಗಳಿಗೆ ಹೋಲಿಸಿ ಅಂದಾಜು ಬರೆದುಕೊಳ್ಳುತ್ತೇನೆ. ಒಂದಕ್ಕೆ ಐದು ನಿಮಿಷ ಸಾಕು. ಅವನ್ನು 1911ರಲ್ಲಿ ಸ್ಥಾಪನೆಯಾದ ಎಎವಿಎಸ್‌ಒ ಎಂಬ ಅಮೆರಿಕದ ಸಂಘದ ದತ್ತಾಂಶ ಕೋಶಕ್ಕೆ ಸೇರಿಸುತ್ತೇನೆ. ಅಲ್ಲಿರುವ ಅಂದಾಜುಗಳನ್ನು ವೃತ್ತಿಪರರು ನಿತ್ಯವೂ ಬಳಸುತ್ತಾರೆ, ಏಕೆಂದರೆ ದೊಡ್ಡ ದೂರದರ್ಶಕಗಳು ಒಂದೇ ನಕ್ಷತ್ರವನ್ನು ದಶಕಗಳ ಕಾಲ ಪ್ರತಿ ರಾತ್ರಿ ಕಾಯುತ್ತ ಕೂರಲಾರವು. ಅಲ್ಲದೆ ಆರ್ದ್ರೆಯಂಥ ಪ್ರಖರ ನಕ್ಷತ್ರ ಅವುಗಳ ಕ್ಯಾಮೆರಾಗಳಿಗೆ ಕಣ್ಣು ಕುಕ್ಕುವಷ್ಟು ಹೆಚ್ಚು.

2019ರ ಕೊನೆಯಲ್ಲಿ ಮಹಾವ್ಯಾಧ (ಓರಿಯನ್) ಪುಂಜದ ಆ ಆರ್ದ್ರೆ ಮಂಕಾಗುತ್ತ ಹೋದದ್ದು ಹಲವರಿಗೆ ನೆನಪಿರಬಹುದು. 2020ರ ಫೆಬ್ರವರಿಯ ಒಂದು ರಾತ್ರಿ ಅದು ಎದುರು ಭುಜದ ಬೆಲಾಟ್ರಿಕ್ಸ್‌ಗೆ ಸರಿಸಮವಾಗಿ ಕಂಡಿತು. ಬೆಲಾಟ್ರಿಕ್ಸ್‌ನ ಕಾಂತಿಮಾನ (ಈ ಅಂಕಿ ಹೆಚ್ಚಿದಷ್ಟೂ ಹೊಳಪು ಕಡಿಮೆ) 1.64, ಹಾಗಾಗಿ 1.6 ಎಂದು ಬರೆದೆ. ಕಣ್ಣು ಮೋಸ ಮಾಡುತ್ತಿದೆಯೇನೋ ಎಂದು ಕೆಳಗೆ ಹೋಗಿ ನೀರು ಕುಡಿದು ಮತ್ತೆ ಬಂದು ನೋಡಿದೆ, ಅಷ್ಟೇ ಇತ್ತು. ನಕ್ಷತ್ರ ಉಗುಳಿದ ಅನಿಲ ತಣಿದು ದೂಳಾಗಿ ಅದರ ಮುಖವನ್ನೇ ಮರೆಮಾಡಿತ್ತು ಎಂಬ ವಿವರಣೆ ಆಮೇಲೆ ಬಂತು. ಆ ಕುಸಿತದ ರೇಖೆಯನ್ನು ಬರೆದ ಸಾವಿರಾರು ಚುಕ್ಕೆಗಳಲ್ಲಿ ಒಂದು ಯಶವಂತಪುರದ ಮಹಡಿಯದು.

ಕೃತ್ತಿಕಾಪ್ರಿಯ ಅವರಿಗೆ ನನ್ನ ಸಲಹೆ: ಅಲ್ಗಾಲ್‌ನಿಂದ ಆರಂಭಿಸಿ. ಪರ್ಸಿಯಸ್ ಪುಂಜದಲ್ಲಿದೆ, ನಮ್ಮ ಕನ್ನಡ ಪುಸ್ತಕಗಳ ಪಾರ್ಥ. ಎರಡು ನಕ್ಷತ್ರಗಳು ಒಂದನ್ನೊಂದು ಮರೆಮಾಡುವುದರಿಂದ 2.87 ದಿನಗಳಿಗೊಮ್ಮೆ ಅದರ ಕಾಂತಿಮಾನ 2.1ರಿಂದ 3.4ಕ್ಕೆ ಇಳಿದು, ಸುಮಾರು ಹತ್ತು ಗಂಟೆಯೊಳಗೆ ಮೊದಲಿನಂತಾಗುತ್ತದೆ. ಇಳಿಯುವುದನ್ನು ಒಂದೇ ರಾತ್ರಿಯಲ್ಲಿ ಕಣ್ಣಾರೆ ಕಂಡವರು ಸುಮ್ಮನಿರಲಾರರು.

ಶಂಕೆ (ಹುಬ್ಬಳ್ಳಿ)

ಒಪ್ಪಿದೆ. ಚಿತ್ರಗಳ ಕುರಿತ ಮಾತನ್ನು ಮಾತ್ರ ಹಿಂತೆಗೆದುಕೊಳ್ಳುವುದಿಲ್ಲ.

ಕೃತ್ತಿಕಾಪ್ರಿಯ (ಬೆಂಗಳೂರು)

ಎಲ್ಲರ ಉತ್ತರಗಳನ್ನೂ ಎರಡೆರಡು ಸಲ ಓದಿದೆ. ಹಳೆಯ ಆಂಟೆನಾ ಸರ್ ಕೇಳಿದ ಪ್ರಶ್ನೆಗೆ ನನ್ನ ಉತ್ತರ ‘ಅಳೆಯುವುದು’ ಎಂದೇ ಅನಿಸುತ್ತಿದೆ. ಆದರೆ ಏನನ್ನೂ ಅಳೆಯದೆ ಹಾಗೆ ಹೇಳುವುದು ಬಾಯಿಮಾತಾದೀತು. ನನ್ನ ಬಾಡಿಗೆ ಮನೆಯ ಮಹಡಿಗೆ ಮೂರು ಬೀದಿದೀಪಗಳ ಬೆಳಕು ಬೀಳುತ್ತದೆ, ಮುಂಗಾರು ಬೇರೆ. ಎಲೆಕ್ಟ್ರಾನಿಕ್ಸ್‌ನವನು ಇಲ್ಲಿಂದಲೇ ಮಾಡಬಹುದಾದ ಅಳತೆ ಏನಾದರೂ ಇದೆಯೇ?

ಹಳೆಯ ಆಂಟೆನಾ (ಬೆಂಗಳೂರು)

ಇದೆ. ಹೈಡ್ರೋಜನ್ ರೇಖೆ. ಆಕಾಶಗಂಗೆಯ ತಟಸ್ಥ ಹೈಡ್ರೋಜನ್ 1420.4 ಮೆಗಾಹರ್ಟ್ಸ್‌ನಲ್ಲಿ, ಅಂದರೆ 21 ಸೆಂಟಿಮೀಟರ್ ತರಂಗದಲ್ಲಿ ಸೂಸುತ್ತದೆ. ಅದಕ್ಕೆ ಬೀದಿದೀಪವೂ ಮೋಡವೂ ಅಡ್ಡಿಯಲ್ಲ. 1400ರಿಂದ 1427ರವರೆಗಿನ ಪಟ್ಟಿಯಲ್ಲಿ ಯಾರೂ ಪ್ರಸಾರ ಮಾಡಬಾರದೆಂದು ಅಂತರರಾಷ್ಟ್ರೀಯ ನಿಯಮವಿದೆ.

ಕಾರ್ಡ್‌ಬೋರ್ಡ್ ಅಥವಾ ಥರ್ಮೊಕೋಲ್ ಹಲಗೆಗೆ ಅಲ್ಯೂಮಿನಿಯಂ ಹಾಳೆ ಅಂಟಿಸಿ, ಬಾಯಿ ಮುಕ್ಕಾಲು ಮೀಟರ್ ಅಗಲವಿರುವ ತುತ್ತೂರಿಯಾಕಾರದ ಆಂಟೆನಾ ಮಾಡಿಕೊಳ್ಳಿ. ಅದರ ಹಿಂಬದಿಗೆ ಲೋಹದ ಚೌಕ ಡಬ್ಬ. ಡಬ್ಬದೊಳಗೆ ತರಂಗದ ಕಾಲು ಭಾಗ, ಅಂದರೆ 5.3 ಸೆಂಟಿಮೀಟರ್‌ಗೆ ತುಸು ಕಡಿಮೆ ಉದ್ದದ ತಾಮ್ರದ ತಂತಿ. ಅಲ್ಲಿಯೇ, ಕೇಬಲ್‌ಗೂ ಮೊದಲು, ಸೋಸುಕವಿರುವ ಕಡಿಮೆ ಗದ್ದಲದ ಆಂಪ್ಲಿಫೈಯರ್ ಇರಲಿ. ಕೇಬಲ್ ಆದ ಮೇಲೆ ಇಟ್ಟರೆ ಕೇಬಲ್‌ನ ನಷ್ಟವೆಲ್ಲ ಗದ್ದಲವಾಗಿ ಒಳಗೆ ಬರುತ್ತದೆ. ಬಳಿಕ ಒಂದು ಆರ್‌ಟಿಎಲ್ ಡಾಂಗಲ್ (ಯುಎಸ್‌ಬಿಗೆ ಸಿಕ್ಕಿಸುವ ಪುಟ್ಟ ರೇಡಿಯೋ ರಿಸೀವರ್) ಮತ್ತು ಲ್ಯಾಪ್‌ಟಾಪ್. ಡಾಂಗಲ್ಲನ್ನು ಸರಿಯಾಗಿ 1420.4ಕ್ಕೆ ಹೊಂದಿಸಬೇಡಿ, ನಟ್ಟನಡುವೆ ಅದರದೇ ಒಂದು ಸುಳ್ಳು ಮುಳ್ಳು ಏಳುತ್ತದೆ. ಸ್ವಲ್ಪ ಪಕ್ಕಕ್ಕೆ ಸರಿಸಿ. ಮೊದಲು ಆಂಟೆನಾವನ್ನು ನೆಲಕ್ಕೆ ಮುಖಮಾಡಿ ಅಳೆಯಿರಿ, ಆಮೇಲೆ ಆಕಾಶಕ್ಕೆ. ನೆಲದ ಉಷ್ಣಾಂಶ ಸುಮಾರು 300 ಕೆಲ್ವಿನ್. ಅದೇ ನಿಮ್ಮ ಅಳತೆಗೋಲು.

ನಿವೃತ್ತ ಮೆಕ್ಯಾನಿಕಲ್ (ಮೈಸೂರು)

ಡಬ್ಬಕ್ಕೆ ಅಡುಗೆ ಎಣ್ಣೆಯ ಹದಿನೈದು ಕಿಲೋ ತಗಡಿನ ಡಬ್ಬ ನಡೆಯುತ್ತದೆಯೇ ಅಳೆದು ನೋಡಿ. ಬೆಸುಗೆ ಹಾಕುವ ಮೊದಲು ಒಳಗಿನ ಎಣ್ಣೆಯನ್ನು ಚೆನ್ನಾಗಿ ತೊಳೆಯಿರಿ. ಬಕೆಟ್ಟಿನ ಕಥೆ ನೆನಪಿರಲಿ.

ಕೃತ್ತಿಕಾಪ್ರಿಯ (ಬೆಂಗಳೂರು)

ಎರಡು ತಿಂಗಳ ಬಳಿಕ ಬರೆಯುತ್ತಿದ್ದೇನೆ, ತಡವಾದುದಕ್ಕೆ ಕ್ಷಮಿಸಿ. ಎಣ್ಣೆ ಡಬ್ಬ ನಡೆಯಿತು. ಅಲ್ಯೂಮಿನಿಯಂ ಹಾಳೆ ಗಾಳಿಗೆ ಎರಡು ಸಲ ಕಿತ್ತುಬಂತು.

ಮೊದಲ ಹತ್ತು ದಿನ ಪರದೆಯ ಮೇಲೆ ಕಂಡದ್ದು ಸಮಾನ ಅಂತರದಲ್ಲಿ ನಿಂತ ಮುಳ್ಳುಗಳ ಸಾಲು, ಬಾಚಣಿಗೆಯ ಹಾಗೆ. ಆಕಾಶದಲ್ಲಿ ಅಂಥದ್ದೇನೂ ಇರಲಾರದೆಂದು ತಿಳಿದಿತ್ತು, ಮೂಲ ಮಾತ್ರ ತಿಳಿಯಲಿಲ್ಲ. ಅದೇ ವಾರ ಕಚೇರಿಯಲ್ಲಿ ನಮ್ಮ ನಿಯಂತ್ರಣ ಘಟಕವೊಂದು ವಿದ್ಯುತ್‌ಕಾಂತೀಯ ಹೊರಸೂಸುವಿಕೆಯ ಪರೀಕ್ಷೆಯಲ್ಲಿ ಅನುತ್ತೀರ್ಣವಾಗಿ, ಅದರ ವರದಿ ನನ್ನ ಮೇಜಿಗೆ ಬಂತು. ವರದಿಯ ನಕ್ಷೆಯಲ್ಲಿ ಅದೇ ಬಾಚಣಿಗೆ. ಸ್ವಿಚಿಂಗ್ ವಿದ್ಯುತ್ ಪೂರೈಕೆಯ ಗುರುತು ಅದು. ಸಂಜೆ ಮನೆಗೆ ಬಂದು ಲ್ಯಾಪ್‌ಟಾಪಿನ ಚಾರ್ಜರನ್ನು ಕಿತ್ತು, ಎಲ್ಲವನ್ನೂ ಬ್ಯಾಟರಿಯ ಮೇಲೆ ನಡೆಸಿ, ಕೇಬಲ್‌ಗೆ ಫೆರೈಟ್ ಬಳೆಗಳನ್ನು ತೊಡಿಸಿದೆ. ಬಾಚಣಿಗೆ ಮಾಯವಾಯಿತು.

ಗಣೇಶ ಚತುರ್ಥಿ ಕಳೆದ ಮೊದಲ ಶನಿವಾರ ರಾತ್ರಿ ಒಂಬತ್ತರ ಸುಮಾರಿಗೆ ಆಂಟೆನಾವನ್ನು ರಾಜಹಂಸ ಪುಂಜದ ಡೆನೆಬ್ ಕಡೆಗೆ ತಿರುಗಿಸಿ, ಇಪ್ಪತ್ತು ನಿಮಿಷಗಳ ಸರಾಸರಿ ತೆಗೆದೆ. ಮೋಡ ಕವಿದು ಒಂದೇ ಒಂದು ನಕ್ಷತ್ರವೂ ಕಾಣುತ್ತಿರಲಿಲ್ಲ. ದಿಕ್ಕನ್ನು ಫೋನಿನ ಆ್ಯಪ್ ನೋಡಿಯೇ ಹಿಡಿದೆ. 1420.4ರ ಬಳಿ ಒಂದು ದಿಬ್ಬ ಎದ್ದಿತು. ನೆಲದತ್ತ ತಿರುಗಿಸಿದರೆ ಇಲ್ಲ, ಮತ್ತೆ ಮೇಲಕ್ಕೆ ತಿರುಗಿಸಿದರೆ ಇದೆ. ಊರಿಗೆ ಫೋನ್ ಮಾಡಿ ತಂದೆಯವರಿಗೆ ತಿಳಿಸಿದೆ. ಅದರಿಂದ ಏನು ಉಪಯೋಗವೆಂದು ಅವರು ಕೇಳಲಿಲ್ಲ. ಮಳೆಯಲ್ಲಿ ಮಹಡಿಯ ಮೇಲೆ ಕರೆಂಟಿನ ತಂತಿ ಎಳೆದುಕೊಂಡು ಕೂರಬೇಡ ಎಂದರು.

ರಾಜೀನಾಮೆ ಸದ್ಯಕ್ಕಿಲ್ಲ. ಮುಂದಿನ ವರ್ಷ ಸಾಲ ತೀರುತ್ತದೆ. ಅಷ್ಟರಲ್ಲಿ ಉಪಕರಣ ವಿಭಾಗಗಳಲ್ಲಿ ಇಂಜಿನಿಯರ್ ಹುದ್ದೆಗಳಿಗೆ ಬರುವ ಜಾಹೀರಾತುಗಳನ್ನು ನೋಡುತ್ತಿರುತ್ತೇನೆ, ಜೆಸ್ಟ್ ಪುಸ್ತಕಗಳನ್ನೂ ತಂದಿಟ್ಟುಕೊಂಡಿದ್ದೇನೆ.

ಸರ್, ಒಂದು ಸಂದೇಹ ಉಳಿದಿದೆ. ಮುಖ್ಯ ದಿಬ್ಬದ ಬಲಕ್ಕೆ, 1420.6ರ ಸಮೀಪ, ಇನ್ನೊಂದು ಸಣ್ಣ ಉಬ್ಬು ಕಾಣುತ್ತಿದೆ. ಅದು ಆಕಾಶಗಂಗೆಯ ಬೇರೊಂದು ಸುರುಳಿತೋಳೇ, ಅಥವಾ ನನ್ನ ಮನೆಯ ಇನ್ಯಾವುದೋ ಚಾರ್ಜರೇ?

ಹಳೆಯ ಆಂಟೆನಾ (ಬೆಂಗಳೂರು)

ಡಾಂಗಲ್ಲಿನ ಶ್ರುತಿಯನ್ನು 300 ಕಿಲೋಹರ್ಟ್ಸ್ ಸರಿಸಿ ಮತ್ತೊಮ್ಮೆ ಅಳೆಯಿರಿ. ಉಬ್ಬು ಶ್ರುತಿಯ ಜೊತೆಗೆ ಸರಿದರೆ ಅದು ಡಾಂಗಲ್ಲಿನದೇ. 1420.6ರಲ್ಲಿಯೇ ನಿಂತರೆ, ನೆಲಕ್ಕೆ ತಿರುಗಿಸಿದಾಗ ಮರೆಯಾಗುತ್ತದೆಯೇ ನೋಡಿ. ಆಮೇಲೆ ಆಂಟೆನಾವನ್ನು ಅಲುಗಿಸದೆ ಬಿಟ್ಟು, ಮರುದಿನ ನಾಲ್ಕು ನಿಮಿಷ ಮುಂಚೆ ಅದೇ ಅಳತೆ ಮಾಡಿ; ಉಬ್ಬು ಅಲ್ಲಿಯೇ ಇದ್ದರೆ ಚಾರ್ಜರ್ ಎಂಬ ಅನುಮಾನ ಬಹುಮಟ್ಟಿಗೆ ಕಳೆಯುತ್ತದೆ. ಒಂದು ಕಿಲೋಮೀಟರ್ ವೇಗಕ್ಕೆ 4.7 ಕಿಲೋಹರ್ಟ್ಸ್ ಲೆಕ್ಕದಲ್ಲಿ ಅದು ನಮ್ಮ ಕಡೆಗೆ ಸೆಕೆಂಡಿಗೆ ಸುಮಾರು 40 ಕಿಲೋಮೀಟರ್ ವೇಗದಲ್ಲಿ ಬರುತ್ತಿರುವ ಅನಿಲವಾಗುತ್ತದೆ. ಆದರೆ ಭೂಮಿಯೇ ಸೂರ್ಯನ ಸುತ್ತ 30 ಕಿಲೋಮೀಟರ್ ವೇಗದಲ್ಲಿ ಸುತ್ತುತ್ತಿದೆ. ಆ ದಿಕ್ಕಿನಲ್ಲಿ ಅದರ ಪಾಲೆಷ್ಟೆಂದು ಕಳೆಯದೆ ಯಾವ ತೋಳಿನ ಹೆಸರನ್ನೂ ಬರೆಯಬೇಡಿ. ದತ್ತಾಂಶದ ಕಡತವನ್ನು ಇಲ್ಲಿ ಹಾಕಿ, ನೋಡುತ್ತೇನೆ.